ಹನ್ನೊಂದನೆಯ ತೂತು

ಜನವರಿ 7, 2024. ಭಾನುವಾರ, ಬೆಳಿಗ್ಗೆ 5.40

ಕಾಫಿ ಆಯಿತು. ಪೇಪರ್ ಇನ್ನೂ ಬಂದಿಲ್ಲ. ಕಾರಿನ ಡಿಕ್ಕಿಯಲ್ಲಿ ಎರಡು ಚೀಲ. ಒಂದರಲ್ಲಿ ಅಪ್ಪನ ಜೋಡಿ ನಳಿಗೆ ಕೋವಿ, ಇನ್ನೊಂದರಲ್ಲಿ ಹೊಸ ಪಾಯಿಂಟ್ ಟೂ ಟೂ ರೈಫಲ್. ಲೈಸೆನ್ಸ್ ಪುಸ್ತಕ ಕೈಚೀಲದಲ್ಲಿ. ಮೂರು ಸಲ ನೋಡಿಕೊಂಡೆ.

ಆ ಪುಸ್ತಕಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅರ್ಜಿ, ನೆನಪೋಲೆ, ಮತ್ತೆ ನೆನಪೋಲೆ, ಮಾಹಿತಿ ಹಕ್ಕಿನಲ್ಲಿ ಎರಡು. "ರಿಟೈರಾದ ಎಂಗಸ್ರಿಗೆ ಬಂದೂಕು ಯಾಕ್ ಮೇಡಂ? ಯಾರ್ ಮೇಲಾದ್ರೂ ದ್ವೇಸ ಅದಾ?" ಅಂತ ಕೇಳಿದ ಗುಮಾಸ್ತ. ಇದೆ, ನಿಮ್ಮ ಆಫೀಸಿನ ಮೇಲೆ, ಅಂದೆ. ಕೊನೆಯ ಎರಡು ತಿಂಗಳು ಆ ಮಾತಿಗೆ ಬಿದ್ದ ದಂಡ ಇರಬೇಕು.

ಹೊರಡಬೇಕು. ಗುತ್ತಲಿನ ರಸ್ತೆ ಅಗೆದು ಹಾಕಿದ್ದಾರೆ, ಸುತ್ತಿ ಹೋಗಬೇಕು. ಅದಕ್ಕೂ ಒಂದು ಕಾಗದ ಬರೆಯಬೇಕು.

ಅದೇ ದಿನ, ಮಧ್ಯಾಹ್ನ 3

ಮದ್ದೂರು ದಾಟಿ ಮಳವಳ್ಳಿ ರಸ್ತೆಯಲ್ಲಿ ಆರು ಕಿಲೋಮೀಟರು. ಹಳೆಯ ಕಲ್ಲಿನ ಕ್ವಾರಿ. ಮೂರು ಕಡೆ ಬಂಡೆ, ಒಂದು ಕಡೆ ತಗಡಿನ ಶೆಡ್ಡು, ಗುಂಡು ಹಾರಿಸಲು ಎಂಟು ಲೇನು. ಇಪ್ಪತ್ತಾರು ವರ್ಷ ಇದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿ ಮಳವಳ್ಳಿಯಲ್ಲಿ ಇತಿಹಾಸ ಪಾಠ ಮಾಡಿದೆ. ಕ್ವಾರಿಯ ಕಡೆ ಕತ್ತೆತ್ತಿ ನೋಡಿರಲಿಲ್ಲ.

ರೇಂಜ್ ನೋಡಿಕೊಳ್ಳುವವರು ಪುಟ್ಟರಾಜು. ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತಿ. ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. "ಮುಂಚೆ ಒಡ್ದಿದ್ದೀರಾ ಮೇಡಂ?" ಅಂದರು. ಕಾಲೇಜಿನ ಎನ್.ಸಿ.ಸಿ.ಯಲ್ಲಿ, 1982ರಲ್ಲಿ, ಅಂದೆ. "ಅಂದ್ರೆ ಒಡ್ದಿಲ್ಲ ಅಂತ್ಲೇ ಇಟ್ಕಳವ" ಅಂದರು.

ಆಗ ಹೇಳಿದೆ. ಯಾವಾಗಲೂ ಹೇಳುವಂತೆ. ಅವತ್ತು ಹತ್ತು ಗುಂಡಿನಲ್ಲಿ ಎರಡು ಒಂದೇ ತೂತಿನಲ್ಲಿ ಹೋಗಿದ್ದವು. ಗುರಿಯ ಕಾರ್ಡಿನಲ್ಲಿ ಒಂಬತ್ತೇ ತೂತು.

ಪುಟ್ಟರಾಜು ಕಿವಿಗೆ ಹಾಕಿಕೊಳ್ಳುವುದನ್ನು ಕೊಟ್ಟರು.

ಜನವರಿ 14. ಭಾನುವಾರ, ರಾತ್ರಿ 8

ಹೊಸ ರೈಫಲ್ಲಿಗೆ ಇನ್ನೂ ಎಣ್ಣೆಯ ವಾಸನೆ. ಬೋರಲು ಮಲಗಿದೆ. ಮೊಣಕೈ ಚಾಪೆಗೆ ಊರಿದ ಕೂಡಲೆ ಮೈಗೆ ಎಲ್ಲ ನೆನಪಾಯಿತು. ಕೆನ್ನೆ ಎಲ್ಲಿ ತಾಗಬೇಕು, ಉಸಿರು ಅರ್ಧ ಬಿಟ್ಟು ಎಲ್ಲಿ ನಿಲ್ಲಿಸಬೇಕು, ಬೆರಳು ಎಳೆಯದೆ ಹೇಗೆ ಹಿಂಡಬೇಕು. ನಲವತ್ತೊಂದು ವರ್ಷ ಇದೆಲ್ಲ ಎಲ್ಲಿ ಕೂತಿತ್ತು?

ಎಡಗಣ್ಣಿನ ಪೊರೆ ತೆಗೆಸಿದ್ದೇನೆ. ಬಲಗಣ್ಣು ಚೆನ್ನಾಗಿದೆ. ರೈಫಲ್ಲಿನ ಪುಟ್ಟ ಕಿಂಡಿಯಲ್ಲಿ ಕಣ್ಣಿಟ್ಟರೆ ಜಗತ್ತೆಲ್ಲ ಹೋಗಿ ಒಂದು ಕಪ್ಪು ಚುಕ್ಕಿ ಉಳಿಯುತ್ತದೆ. ಬೇರೆ ಏನೂ ಕಾಣುವುದಿಲ್ಲ. ಪೇಪರಿನಲ್ಲಿ ಓದಿ ಕುದಿಯುವುದೆಲ್ಲ ಆ ಹೊತ್ತಿಗೆ ನಿಲ್ಲುತ್ತದೆ. ಇದಕ್ಕಾಗಿಯೇ ವಾಪಸ್ ಬಂದೆನೇನೋ.

ಹತ್ತು ಗುಂಡಿಗೆ ನೂರರಲ್ಲಿ ಎಪ್ಪತ್ತೊಂದು ಅಂಕ. ಪುಟ್ಟರಾಜು — "ಪರ್ವಾಗಿಲ್ಲ ಮೇಡಂ, ಕೈ ಮರ್ತಿಲ್ಲ."

ಜನವರಿ 28. ಭಾನುವಾರ

ಇವತ್ತು ಅಪ್ಪನ ಕೋವಿ. ತಮ್ಮ ನಾಗರಾಜು ಕೊತ್ತತ್ತಿಯಿಂದ ಬಂದಿದ್ದ, ನೋಡಲು. ನಾಲೆಯಲ್ಲಿ ನೀರಿಲ್ಲ, ಕಬ್ಬಿನ ಗದ್ದೆಯಲ್ಲಿ ಕೆಲಸವಿಲ್ಲ. ಕೋವಿ ಅವನ ಪಾಲಿಗೇ ಬರಬೇಕಿತ್ತು. ಬೇಡ ಅಂದವನು ಅವನೇ. "ಎಲೆಕ್ಸನ್ ಬಂದಾಗೆಲ್ಲ ಸ್ಟೇಸನ್ಗೆ ಒತ್ಕಂಡೋಗಿ ಒಪ್ಸಾದು, ಆಮೇಲ್ ಬುಡುಸ್ಕಂಡ್ ಬರಾದು. ಅಪ್ಪನ್ ಕಾಲ್ದಿಂದ್ಲೂ ನೋಡಿವ್ನಿ. ಎಮ್ಮೆ ಸಾಕ್ದಂಗೆ ಕಣಕ್ಕ ಅದು."

ಅಪ್ಪ ಕಬ್ಬಿಗೆ ಬರುವ ಹಂದಿಗೆ ಅಂತ ಇಟ್ಟುಕೊಂಡಿದ್ದು. ಹೊಡೆದದ್ದು ನಾನು ನೋಡಿಲ್ಲ. ಆಕಾಶಕ್ಕೆ ಒಂದು ಹಾರಿಸಿ ಒಳಗೆ ಬಂದು ಮಲಗುತ್ತಿದ್ದ.

ಇಪ್ಪತ್ತೈದು ಗಜದಲ್ಲಿ ಹಳೇ ಡಬ್ಬಗಳನ್ನು ಸಾಲಾಗಿ ಇಟ್ಟರು. ಎಡ ನಳಿಗೆ ಹಾರಿಸಿದೆ. ಭುಜಕ್ಕೆ ಎತ್ತು ಗುದ್ದಿದ ಹಾಗಾಯಿತು. ಎರಡು ಹೆಜ್ಜೆ ಹಿಂದೆ ಬಂದೆ. ಡಬ್ಬ ನಿಂತೇ ಇತ್ತು.

"ಡಬ್ಬ ನಗ್ತಾ ಅದೆ ನೋಡಕ್ಕ" ಅಂದ ನಾಗರಾಜು.

"ನೀನು ಹೊಡಿ ಬಾರೊ."

"ನಂಗ್ ಲೈಸೆನ್ಸಿಲ್ಲ" ಅಂತ ಕೈ ಹಿಂದೆ ಕಟ್ಟಿಕೊಂಡ.

ಬಲ ನಳಿಗೆಗೆ ಎರಡು ಡಬ್ಬ ಬಿದ್ದವು. ಚರೆ ಹರಡಿದ ರೀತಿ ನೋಡಿ ಪುಟ್ಟರಾಜು ತಲೆಯಾಡಿಸಿದರು. ಭುಜ ನೇರಳೆ ಬಣ್ಣಕ್ಕೆ ತಿರುಗಿದೆ. ಸಂತೋಷವಾಗಿದೆ, ಯಾಕೋ. ಅಪ್ಪನ ಭುಜದಲ್ಲೂ ಹೀಗೊಂದು ಕಲೆ ಇತ್ತು.

ಫೆಬ್ರವರಿ 11. ಭಾನುವಾರ

ಕೋಪ ಇಳಿದಿಲ್ಲ. ಬರೆದರೆ ಇಳಿಯಬಹುದು.

ನಾಲ್ಕನೇ ಲೇನಿನಲ್ಲಿ ನಾನು, ಐದರಲ್ಲಿ ಲಿಂಗಯ್ಯ. ಬ್ಯಾಂಕಿನಲ್ಲಿದ್ದವರು, ನನ್ನ ಹಾಗೇ ನಿವೃತ್ತರು. ಒಳ್ಳೆಯ ಹತ್ತು, ನನಗೇ ಗೊತ್ತಾಗುತ್ತಿತ್ತು. ಕಾರ್ಡು ತಂದರು. ನನ್ನದರಲ್ಲಿ ಒಂಬತ್ತು ತೂತು!

ನೋಡಿದಿರಾ, ಅಂದೆ. ಮತ್ತೆ ಹಾಗೇ ಆಗಿದೆ. ಎರಡು ಒಂದೇ ತೂತಿನಲ್ಲಿ.

ಪುಟ್ಟರಾಜು ಭೂತಗನ್ನಡಿ ತಂದು ಒಂದೊಂದೇ ತೂತಿನ ಅಂಚು ನೋಡಿದರು. ಎಲ್ಲ ದುಂಡಗಿವೆ. ಎರಡು ಗುಂಡು ಹೋದರೆ ಅಂಚು ಸ್ವಲ್ಪವಾದರೂ ಹಿಗ್ಗಬೇಕಂತೆ. ಆಮೇಲೆ ಲಿಂಗಯ್ಯನವರ ಕಾರ್ಡು ಎಣಿಸಿದರು. ಹನ್ನೊಂದು.

"ಮೇಡಮ್ಮೋರು ನಂಗೆ ಬೋನಸ್ ಕೊಟ್ಟವ್ರೆ!" ಲಿಂಗಯ್ಯ ಶೆಡ್ಡಿಗೆಲ್ಲ ಕೇಳುವ ಹಾಗೆ ನಕ್ಕರು. "ಸರ್ವಿಸ್ನಲ್ಲಿದ್ದಾಗ್ಲೂ ಯಾರೂ ಕೊಡ್ಲಿಲ್ಲ."

ನೀವೇ ಒಂದು ಹೆಚ್ಚು ಹೊಡೆದಿರಬೇಕು, ಅಂದೆ. ಲಿಂಗಯ್ಯನವರ ನಗು ನಿಂತಿತು. "ನನ್ ಖಾಲಿ ತೋಟಾ ಎಣುಸ್ಕಳಿ ಮೇಡಂ. ಅತ್ತವೆ" ಅಂದರು.

ಹತ್ತೇ ಇದ್ದವು. ನನ್ನವೂ ಹತ್ತು.

ಫೆಬ್ರವರಿ 12. ಸೋಮವಾರ, ಬೆಳಿಗ್ಗೆ

ಕ್ಲಬ್ಬಿನ ಕಾರ್ಯದರ್ಶಿಗೆ ಕಾಗದ ಬರೆದೆ. ಲೇನುಗಳ ನಂಬರು ಸಣ್ಣದಾಗಿದೆ, ಬಣ್ಣ ಮಾಸಿದೆ, ಗುರಿಗಳ ನಡುವೆ ಅಂತರ ಸಾಲದು, ಹಿರಿಯ ಸದಸ್ಯರಿಗೆ ಗೊಂದಲವಾಗುತ್ತದೆ. ಒಂದೂವರೆ ಪುಟ. ಕಾರ್ಬನ್ ಪ್ರತಿ ಫೈಲಿಗೆ.

ಫೆಬ್ರವರಿ 18. ಭಾನುವಾರ, ಸಂಜೆ 6

ನಂಬರಿಗೆ ಹೊಸ ಬಣ್ಣ ಬಳಿದಿದ್ದಾರೆ. ಒಂದೊಂದೂ ಅಡಿ ಎತ್ತರ. ಕಾಗದಕ್ಕೆ ಇಷ್ಟು ಬೇಗ ಕೆಲಸವಾದದ್ದು ಇದೇ ಮೊದಲು.

ಮತ್ತೆ ಒಂಬತ್ತು.

ಪುಟ್ಟರಾಜು ನನಗೆ ಗೊತ್ತಿಲ್ಲದ ಹಾಗೆ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಬೈಯಬೇಕೆಂದುಕೊಂಡೆ. ತೋರಿಸಿದರು.

ಒಂಬತ್ತನೇ ಗುಂಡಿನ ಮೇಲೆ ರೈಫಲ್ ಕೆಳಗಿಟ್ಟೆ. ಎದ್ದು ಕೂತೆ. ಕನ್ನಡಕ ತೆಗೆದೆ, ಕರ್ಚೀಫಿನಲ್ಲಿ ಅಂಗೈ ಒರೆಸಿದೆ, ಮತ್ತೆ ಮಲಗಿದೆ. ಮಲಗುವಾಗ ಸೊಂಟ ಒಂದು ಗೇಣು ಎಡಕ್ಕೆ ಬಂತು, ನಳಿಗೆಯ ಮೂತಿ ಬಲಕ್ಕೆ ಹೊರಳಿತು. ಕಿಂಡಿಯಲ್ಲಿ ಒಂದು ಕಪ್ಪು ಚುಕ್ಕಿ ಸಿಕ್ಕಿರಬೇಕು. ಹೊಡೆದೆ. ಅದು ಐದನೇ ಲೇನಿನದು.

"ಇದ್ ಯಾರ್ ಏಳ್ಕೊಟ್ಟಿದ್ದು ಮೇಡಂ, ಕೊನೇದ್ಕೆ ಎದ್ ಕೂರಾದು?"

ಉಸ್ತಾದ್, ಅಂದೆ. ಕಾಲೇಜಿನಲ್ಲಿ ನಮಗೆ ಕಲಿಸಿದ ಹವಾಲ್ದಾರರು. ಕೊನೆಯ ಗುಂಡಿಗೆ ಮುಂಚೆ ಕೈ ಒರೆಸಿಕೊ ಅನ್ನುತ್ತಿದ್ದರು. ನಾನು ಆಗಲೂ ಹಾಗೇ ಮಾಡುತ್ತಿದ್...

"ಮೇಡಂ, ನೀರ್ ಕುಡೀರಿ" ಅಂದರು ಪುಟ್ಟರಾಜು. ನನ್ನ ಮುಖ ಹೇಗಿತ್ತೋ.

ಫೆಬ್ರವರಿ 19. ಸೋಮವಾರ

ಮೊದಲನೇ ಫೈಲು. ಮೊದಲನೇ ಕಾಗದ. ಅಟ್ಟದ ಮೇಲಿಂದ ಇಳಿಸಿದೆ. ನಾನು ಜೀವಮಾನದಲ್ಲಿ ಬರೆದ ಮೊದಲ ದೂರು ಇದು. ಇದರಿಂದಲೇ ಶುರುವಾಗಿದ್ದು. ಕಾಗದ ಬರೆದರೆ ಕೆಲಸವಾಗುತ್ತದೆ ಅಂತ ಇದರಿಂದಲೇ ಕಲಿತೆ.

ಡಿಸೆಂಬರ್ 1982. ಬೆಂಗಳೂರಿನ ಶಿಬಿರಕ್ಕೆ ನಮ್ಮ ಕಾಲೇಜಿನಿಂದ ಒಬ್ಬಳಿಗೇ ಜಾಗ. ಎಂಟು ಹುಡುಗಿಯರು ಹೊಡೆದೆವು. ನಾಲ್ಕರಲ್ಲಿ ನಾನು, ಐದರಲ್ಲಿ ಸಣ್ಣತಾಯಮ್ಮ. ನಾವು ತಾಯಿ ಅನ್ನುತ್ತಿದ್ದೆವು. ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು. ಈ ಮಾತನ್ನು ಇವತ್ತೇ ಮೊದಲು ಬರೆಯುತ್ತಿದ್ದೇನೆ.

ನನ್ನ ಕಾರ್ಡಿನಲ್ಲಿ ಒಂಬತ್ತು. ಅವಳದರಲ್ಲಿ ಹನ್ನೊಂದು. ನನ್ನವು ಎರಡು ಒಂದೇ ತೂತಿನಲ್ಲಿ ಹೋಗಿವೆ ಅಂದೆ. ಹಾಗಾದರೆ ಅವಳ ಹನ್ನೊಂದನೆಯದು ಎಲ್ಲಿಂದ ಬಂತು? ಅವತ್ತು ಗುಂಡು ಹಂಚುವ ಸರದಿ ಅವಳದು. ಒಂದು ಕದ್ದಿರಬೇಕು ಅಂತ ಬರೆದೆ. ಅವಳು ನಿಡಘಟ್ಟದ ಕಾಲೋನಿಯವಳು. ಅದನ್ನು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಅವಳ ಚೀಲ ಹುಡುಕಿದರು. ಕೊಡವಿದ್ದು ನಾನು. ರಾಗಿರೊಟ್ಟಿ, ಬಾಚಣಿಗೆ, ಲೈಬ್ರರಿ ಪುಸ್ತಕ. ಎಲ್ಲ ಕೆಂಪುಮಣ್ಣಿನ ಮೇಲೆ.

ಅವಳ ಕಾರ್ಡು ರದ್ದಾಯಿತು. ನಾನು ಬೆಂಗಳೂರಿಗೆ ಹೋದೆ. ಅವಳು ಮತ್ತೆ ಪೆರೇಡಿಗೆ ಬರಲಿಲ್ಲ. ಶಿಬಿರದಿಂದ ಬಂದ ಮೇಲೆ ನಾನೂ ಬಂದೂಕು ಮುಟ್ಟಲಿಲ್ಲ. ಓದು, ಆಮೇಲೆ ನೌಕರಿ ಅಂತ ಎಲ್ಲರಿಗೂ ಹೇಳುತ್ತಾ ಬಂದೆ.

ಈಗ ಕಾಗದ ಓದುತ್ತಿದ್ದೇನೆ. ಮೂರನೇ ಸಾಲು, ನನ್ನದೇ ಕೈಬರಹ: "ಎಂಟು ಮಂದಿಗೆ ತಲಾ ಹತ್ತರಂತೆ ಎಂಬತ್ತು ಗುಂಡು ನೀಡಲಾಗಿದ್ದು, ಎಂಬತ್ತು ಖಾಲಿ ತೋಟಾಗಳು ಎಣಿಕೆಗೆ ಸಿಕ್ಕಿವೆ."

ಎಂಬತ್ತು. ಅವಳು ಹನ್ನೊಂದು ಹೊಡೆದಿದ್ದರೆ ಎಂಬತ್ತೊಂದು ಇರಬೇಕಿತ್ತು. ಎಲ್ಲವನ್ನೂ ಕರಾರುವಾಕ್ಕಾಗಿ ಬರೆಯಬೇಕು ಅಂತ ಆ ಸಾಲನ್ನು ನಾನೇ ಬರೆದಿದ್ದೆ. ನಾನೇ ಓದಿರಲಿಲ್ಲ. ಯಾರೂ ಓದಲಿಲ್ಲ. ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದೆ: ದಾಖಲೆ ನೋಡಿ, ಯಾರು ಬರೆದರು ನೋಡಿ, ಯಾಕೆ ಬರೆದರು ನೋಡಿ...

ಮಾರ್ಚ್ 18. ಸೋಮವಾರ

ಒಂದು ತಿಂಗಳು ಬರೆದಿಲ್ಲ. ರೇಂಜಿಗೂ ಹೋಗಿಲ್ಲ.

ನೀತಿ ಸಂಹಿತೆ ಜಾರಿ. ಎರಡೂ ಬಂದೂಕು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತಂದೆ. ರೈಟರ್ "ಇನ್ ಜೂನ್ಗೇ ಮೇಡಂ" ಅಂದ. ಬೇರೆ ದಿನವಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಒಬ್ಬರ ಮೇಲೂ ಒಂದು ಕೇಸಿಲ್ಲದಿದ್ದರೂ ಲೈಸೆನ್ಸ್ ಇದ್ದವರನ್ನೆಲ್ಲ ಅನುಮಾನಿಸುವುದು ಯಾವ ನ್ಯಾಯ ಅಂತ. ಪೆನ್ನು ತೆಗೆದೆ. ಆ ಸಾಲು ಬರೆಯಲು ಕೈ ಬರಲಿಲ್ಲ.

ಮಾರ್ಚ್ 24. ಭಾನುವಾರ

ನಿಡಘಟ್ಟದವರೆಗೆ ಹೋದೆ. ಹಳೇ ರಸ್ತೆಯಲ್ಲಿ ಎಳನೀರಿನ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ಒಂದು ಎಳನೀರು ಕುಡಿದೆ. ಇನ್ನೊಂದು ಕುಡಿದೆ. ವಾಪಸ್ ಬಂದೆ.

ಏಪ್ರಿಲ್ 28. ಭಾನುವಾರ, ರಾತ್ರಿ

ಮೊನ್ನೆ ವೋಟು ಮುಗಿಯಿತು. ಇವತ್ತು ಮತ್ತೆ ನಿಡಘಟ್ಟಕ್ಕೆ ಹೋದೆ. ಇಳಿದೆ.

ಎಳನೀರಿನವನನ್ನು ಕೇಳಿದೆ. "ಪೋಸ್ಟ್ ತಾಯಮ್ಮೋರ ಮನೆನಾ? ಅರಳೀಮರದ ಇಂದ್ಗಡೆ, ನೀಲಿ ಗೇಟು. ಊರ್ನ ಪೋಸ್ಟಾಫೀಸ್ ಅವ್ರೇ ನೋಡ್ಕಳಾದು."

ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂದಲು ಪೂರಾ ಬಿಳಿ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಂಬೇಡ್ಕರ್. ಕನ್ನಡಕ ಹಣೆಗೆತ್ತಿ ನನ್ನನ್ನು ನೋಡಿದಳು. ನಾನು ಹೆಸರು ಹೇಳಲಿಲ್ಲ.

"ಓ... ಒಂದೇ ತೂತ್ನಲ್ಲಿ ಎರಡು ಗುಂಡು" ಅಂದಳು.

ನಿಂತೇ ಇದ್ದೆ.

"ಕೂತ್ಕ ವೀಣ. ಸೀರೆ ನೋಡ್ಕಂಡ್ ಕೂತ್ಕ, ಉಣ್ಸೆ ಅಂಟ್ಕಂಡಾತು."

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯ ಒಂದೂ ಬರಲಿಲ್ಲ. "ಆ ಹನ್ನೊಂದನೆಯದು ನನ್ನದು ತಾಯಿ" ಅಂದೆ.

"ನಂಗೊತ್ತಿಲ್ವಾ?" ಬೀಜ ತೆಗೆಯುವುದು ನಿಲ್ಲಿಸಲಿಲ್ಲ. "ಅವತ್ತೇ ಗೊತ್ತಿತ್ತು. ನನ್ನವು ಅತ್ತೂ ನಡೂಗವೆ, ಒಂದು ಮಾತ್ರ ಓರೆಗೆ ಬಿದ್ದದೆ. ಉಸ್ತಾದ್ಗೆ ಏಳ್ದೆ, ಸಾರ್ ಇದ್ ನನ್ದಲ್ಲ, ಪಕ್ಕದೋಳ್ದು ಅಂತ. ಎನ್.ಸಿ.ಸಿ. ಮೇಡಂಗೂ ಏಳ್ದೆ. ನಿಂಗೂ ಏಳ್ದೆ ಕಣೆ. ನೀನು ನನ್ ಚೀಲ ಕೊಡವ್ತಾ ಇದ್ದೆ, ಕೇಳುಸ್ಲಿಲ್ಲ ಅಂತ ಕಾಣ್ತದೆ."

ನನಗೆ ಹೇಳಿದ್ದು ನೆನಪಿಲ್ಲ. ರೊಟ್ಟಿ ನೆನಪಿದೆ. ಬಾಚಣಿಗೆಯ ಬಣ್ಣ ನೆನಪಿದೆ. ಅವಳ ಮಾತು ನೆನಪಿಲ್ಲ.

ಮಗಳು ಸೌಮ್ಯ ನೀರು ತಂದು ಕೊಟ್ಟಳು. ಮದ್ದೂರಿನಲ್ಲಿ ಟೀಚರ್ ಅಂತೆ, ಮೂವತ್ತರ ಮೇಲಿರಬೇಕು. "ಯಾರಮ್ಮ ಇವ್ರು?" ಅಂದಳು.

"ಅವ್ರೇ ಏಳ್ತಾರೆ. ನಾನ್ ಏಳಾಕಿಲ್ಲ. ನಲವತ್ತ್ ವರ್ಸ ಏಳಿಲ್ಲ, ಈಗ್ಯಾಕ್ ಏಳ್ಲಿ?"

ಹೇಳಿದೆ. ಮೊದಲಿನಿಂದ. ಚೀಲದ ವಿಷಯ ಬಂದಾಗ ನಿಲ್ಲಿಸಿದೆ. ತಾಯಿ, "ಊಂ, ಏಳು" ಅಂದಳು. ಅದನ್ನೂ ಹೇಳಿದೆ.

ಸೌಮ್ಯ ನನ್ನ ಕಡೆ ನೋಡಲೇ ಇಲ್ಲ. ಅಮ್ಮನ ಕಡೆ ತಿರುಗಿದಳು. "ಅದಕ್ಕೇನಾ? ಪಿಯುಸೀಲಿ ನೀನು ನನ್ ಎನ್.ಸಿ.ಸಿ. ಫಾರಂ ಅರ್ದಾಕ್ದೆ. ಎಂಗಸ್ರಿಗೆ ಅದೆಲ್ಲ ಯಾಕೆ ಅಂದೆ. ಎರಡ್ ತಿಂಗ್ಳು ಮಾತಾಡ್ಲಿಲ್ಲ ಕಣಮ್ಮ ನಾನು ನಿನ್ನತ್ರ. ಅಳೇ ಕಾಲ್ದೋಳು, ಅಳ್ಳಿಯೋಳು ಅಂತೆಲ್ಲ ನಿನ್ನ ಅಂದೆ."

"ಅನ್ನು, ಅದ್ಕೇನು. ಚೀಲ ಕೊಡವೋ ಜಾಗಕ್ಕೆ ಮಗ್ಳನ್ನ ಕಳ್ಸಾಕಾಯ್ತದಾ?"

ಸೌಮ್ಯ ಒಳಗೆ ಹೋದಳು. ಕ್ಷಮಿಸು ಅನ್ನಲು ಬಾಯಿ ತೆರೆದೆ.

"ಆ ಮಾತು ಇರ್ಲಿ ಬುಡು" ಅಂದಳು ತಾಯಿ. "ಬಾಯ್ ಮಾತು ನಂಗೆ ಸಾಕಾಗಾಕಿಲ್ಲ. ಅವತ್ತು ನಿನ್ ಕಾಗದಾವ ನೋಟಿಸ್ ಬೋರ್ಡ್ಗೆ ಅಂಟ್ಸಿದ್ರು. ಮೂರ್ ದಿನ ಇತ್ತು. ಅಂಗೇ ಬರ್ಕೊಡು. ನಿನ್ ಅಕ್ಸರ ಚೆನ್ನಾಗಿತ್ತು."

ಬರೆಯುತ್ತೇನೆ, ಅಂದೆ.

"ಇನ್ನೊಂದದೆ. ನನ್ ಅತ್ತು ಗುಂಡು ಲೆಕ್ಕಕ್ಕೇ ಬರ್ಲಿಲ್ಲ. ಅದ್ನೂ ಒಡೀಬೇಕು. ಎಲ್ಲದೆ ನಿನ್ ಬಂದೂಕು?"

ಸ್ಟೇಷನ್ನಿನಲ್ಲಿದೆ, ಅಂದೆ.

ಮೊದಲ ಸಲ ನಕ್ಕಳು. "ಸರ್ಯಾದ್ ಜಾಗ್ದಲ್ಲೇ ಅದೆ."

ಮೇ 5. ಭಾನುವಾರ

ಮೊದಲ ಕರಡು ಹರಿದೆ. "ಅಚಾತುರ್ಯದಿಂದ" ಅಂತ ಬರೆದಿದ್ದೆ.

ಮೇ 9. ಗುರುವಾರ

ಮೂರನೆಯದೂ ಹರಿದೆ. "ಆ ಕಾಲದ ಸಾಮಾಜಿಕ ಪರಿಸ್ಥಿತಿಯಲ್ಲಿ" ಅಂತ ಶುರುವಾಗಿತ್ತು. ಪರಿಸ್ಥಿತಿ ಚೀಲ ಕೊಡವಲಿಲ್ಲ.

ಇಡೀ ಊರಿಗೆ ಕಾಗದ ಬರೆದಿದ್ದೇನೆ. ನೀರಿಗೆ, ದೀಪಕ್ಕೆ, ಫ್ಲೆಕ್ಸಿಗೆ, ಟೋಲಿಗೆ. ಒಂದು ದಿನವೂ ಕೈ ತಡವರಿಸಿರಲಿಲ್ಲ.

ಮೇ 10, ಬೆಳಗಿನ ಜಾವ

ಆಯಿತು. ಎಂಟು ಸಾಲು. ಗುಂಡು ನಾನು ಹೊಡೆದೆ. ಕಳ್ಳಿ ಅಂತ ನಾನು ಬರೆದೆ. ಖಾಲಿ ತೋಟಾ ಎಂಬತ್ತೇ ಇದ್ದವು, ನನಗೆ ಗೊತ್ತಿತ್ತು. ಚೀಲ ನಾನು ಕೊಡವಿದೆ. ಸಹಿ, ತಾರೀಖು, ವಿಳಾಸ.

"ಗೊತ್ತಿತ್ತು" ಅನ್ನುವ ಕಡೆ ತುಂಬ ಹೊತ್ತು ಕೂತಿದ್ದೆ. ಆಗ ಗೊತ್ತಿತ್ತೆ? ಮೂರನೇ ಸಾಲನ್ನು ಬರೆದವಳು ನಾನೇ. ಇರಲಿ ಅಂತ ಬಿಟ್ಟೆ.

ಪ್ರತಿ ಮೂರು. ಒಂದು ತಾಯಿಗೆ, ಒಂದು ಕಾಲೇಜಿಗೆ, ಒಂದು ಫೈಲಿಗೆ. ಮೊದಲನೇ ಕಾಗದದ ಮೇಲೆಯೇ ಇಟ್ಟೆ, ಪಿನ್ನು ಹಾಕಿ.

ತಾಯಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಅವಳದೇ ಪೋಸ್ಟಾಫೀಸಿಗೆ ಹೋಗುತ್ತದೆ. ತನ್ನ ಹೆಸರಿನ ಕಾಗದಕ್ಕೆ ತಾನೇ ಮುದ್ರೆ ಒತ್ತಿ ತೆಗೆದುಕೊಳ್ಳಲಿ.

ಜೂನ್ 7. ಶುಕ್ರವಾರ

ಸಂಹಿತೆ ಮುಗಿಯಿತು. ರಸೀದಿ ಕೊಟ್ಟು ಬಂದೂಕು ಬಿಡಿಸಿಕೊಂಡೆ. ಅಪ್ಪನ ಕೋವಿಯ ಮೇಲೆ ಒಂದು ಗೀರು. ದೂರು ಕೊಡಲಿಲ್ಲ.

ತಾಯಿಯಿಂದ ಕಾಗದಕ್ಕೆ ಉತ್ತರ ಇಲ್ಲ. ಸೌಮ್ಯ ಫೋನ್ ಮಾಡಿದ್ದಳು. "ನಿಮ್ ಕಾಗದ ಅಮ್ಮ ಪೋಸ್ಟಾಫೀಸ್ ಬೋರ್ಡಿಗೆ ಆಕವ್ರೆ, ಮನಿಯಾರ್ಡರ್ ನೋಟಿಸ್ ಪಕ್ಕ. ಮೂರ್ ದಿನ ಇರ್ತದಂತೆ." ಆಮೇಲೆ — "ಭಾನ್ವಾರ ಅಲ್ಲ, ಮುಂದಿನ್ ಭಾನ್ವಾರ ರೇಂಜಿಗೆ ಬತ್ತೀವಿ."

ಜೂನ್ 16. ಭಾನುವಾರ, ಮಧ್ಯಾಹ್ನ 1

ರೇಂಜಿನ ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಸಣ್ಣ ಮಳೆ, ಬಂಡೆಯೆಲ್ಲ ಕರ್ರಗೆ. ಒಂಬತ್ತಕ್ಕೆ ತಾಯಿ ಬಂದಳು, ಸೌಮ್ಯನ ಸ್ಕೂಟರಿನ ಹಿಂದೆ. ಪುಟ್ಟರಾಜು ಸದಸ್ಯತ್ವದ ಫಾರಂ ಬರೆಸಿಕೊಂಡರು. "ಅನುಭವ" ಅನ್ನುವ ಕಡೆ ತಾಯಿ "ಅದೆ" ಅಂತಷ್ಟೇ ಬರೆದಳು.

ಸೀರೆಯ ಮೇಲೆ ಸೌಮ್ಯನ ಜರ್ಕಿನ್ ಹಾಕಿಕೊಂಡು ಬೋರಲು ಮಲಗಿದಳು. ಮಂಡಿ ನೋವು, ಇಬ್ಬರು ಹಿಡಿಯಬೇಕಾಯಿತು. ಕ್ಲಬ್ಬಿನ ರೈಫಲ್. ನಾನು ನಾಲ್ಕರಲ್ಲಿ, ಅವಳು ಐದರಲ್ಲಿ. ಅವಳೇ ಕೇಳಿ ತೆಗೆದುಕೊಂಡ ಲೇನು.

ಒಂಬತ್ತು ಮುಗಿಯಿತು. ಎದ್ದು ಕೂರಲು ಹೋದೆ, ಕೈ ಒರೆಸಿಕೊಳ್ಳಲು.

"ಏಳ್ಬ್ಯಾಡ" ಅಂದಳು ತಾಯಿ, ಕಿಂಡಿಯಿಂದ ಕಣ್ಣು ತೆಗೆಯದೆ. "ಬಿದ್ಕಂಡಿರು ಸುಮ್ಗೆ. ಬೆವ್ರಿದ್ರೆ ಇರ್ಲಿ."

ಮಲಗಿದ್ದೆ. ಅಂಗೈ ಒದ್ದೆ. ಹೊಡೆದೆ.

ಪುಟ್ಟರಾಜು ಎರಡು ಕಾರ್ಡು ತಂದು ಮೇಜಿನ ಮೇಲೆ ಇಟ್ಟಿದ್ದಾರೆ. ಭೂತಗನ್ನಡಿ ಸೌಮ್ಯನ ಕೈಯಲ್ಲಿದೆ. ತಾಯಿ ಎರಡನ್ನೂ ತನ್ನ ಕಡೆ ಎಳೆದುಕೊಂಡಳು. ತನ್ನದನ್ನು ಮಗುಚಿ ಇಟ್ಟಳು. ನನ್ನದನ್ನು ಮೊದಲು ಎಣಿಸುತ್ತಾಳಂತೆ. "ಬರಿಯಾದ್ ನಿಲ್ಸು, ಬಾ ಇಲ್ಲಿ" ಅನ್ನುತ್ತಿದ್ದಾಳೆ. ಬೆರಳಿಟ್ಟು, ಶೆಡ್ಡಿಗೆಲ್ಲ ಕೇಳುವ ಹಾಗೆ — ಒಂದು, ಎರಡು, ಮೂರು —